ಗಾಳಿ ಮಿಷನ್ ಎಂಬ ಅತ್ತೆ

ಜನವರಿ 9, ಸಂಜೆ

ಸ್ನಾನ ಆಯಿತು. ಒಗೆದ ಅಂಗಿ ಹಾಕಿದ್ದೂ ಆಯಿತು. ಆದರೂ ರೂಮಿಗೆ ಕಾಲಿಟ್ಟ ಕೂಡಲೇ ಗಾಳಿ ಶುದ್ಧ ಮಾಡುವ ಮಿಷನ್ನಿನ ದೀಪ ಹಸಿರಿನಿಂದ ಕೆಂಪಿಗೆ. ದಿನವಿಡೀ ಬಾಗಿಲು, ಬೀರುಗಳಿಗೆ ಪಾಲಿಶ್ ಹೊಡೆಯುವವನು ನಾನು — ಥಿನ್ನರ್ ವಾಸನೆ ಚರ್ಮಕ್ಕೇ ಇಳಿದಿದೆ. ಹೆಂಡತಿಗೆ ಕೆಮ್ಮು ಶುರು. ಬಾಗಿಲಿಗೆ ವಾಪಸ್ಸು.

ಮಂಚದಿಂದಲೇ ಅಂದಳು: "ನಮ್ಮಮ್ಮನೂ ಹೀಗೇ ಕಣ್ರೀ. ನಿಮ್ಮನ್ನ ಕಂಡ್ರೆ ಮುಖ ಕೆಂಪಗೆ ಮಾಡ್ಕೊಳ್ತಿದ್ಳು."

ಸರಿ, ಮಿಷನ್ನಿಗೆ ಇವತ್ತಿನಿಂದ ಅತ್ತೆ ಅಂತಲೇ ಹೆಸರು. ತೀರಿಹೋಗಿ ಮೂರು ವರ್ಷವಾದ ಮೇಲೂ ಅಳಿಯನನ್ನು ಬಿಡಲಿಲ್ಲ, ಮಹಾತಾಯಿ.

ಜನವರಿ 14

ಡಾಕ್ಟರ್: "ಲಂಗ್ಸ್ ಅರ್ಧ ಗಟ್ಟಿಯಾಗ್ಬಿಟ್ಟಿದೆ. ಇನ್ನು ಔಷಧಿಗಿಂತ ಮನೆ ಗಾಳಿ ಮುಖ್ಯ. ಹೊಗೆ, ಧೂಳು, ಪೇಂಟು ಯಾವುದೂ ಹತ್ರ ಬರ್ಬಾರ್ದು." ನಾನೂ ಬರಬಾರದು ಅಂತ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಉಗುರು ನೋಡಿದರು, ಅಷ್ಟೆ.

ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಪರದೆ, ರಗ್ಗು ಹೊರಗೆಸೆದೆ. ಬೀರು ಆಚೆ ಸಾಗಿಸಿದೆ — ಮದುವೆಯ ವರ್ಷ ಅವಳಿಗೆಂದು ನಾನೇ ಪಾಲಿಶ್ ಹೊಡೆದದ್ದು. ಈಗ ರೂಮಿನಲ್ಲಿ ಮಂಚ, ಅವಳು, ಅತ್ತೆ.

ಫೆಬ್ರವರಿ 2

ಕೆಲಸ ಬಿಡುತ್ತೇನೆ ಅಂದೆ.

"ಬಿಟ್ಟು? ಮನೇಲಿ ಕೂತು ನನ್ನ ತಲೆ ತಿನ್ನೋಕಾ?" ನಗಲು ಹೋಗಿ ಉಸಿರು ಸಿಕ್ಕಿಕೊಂಡಿತು ಅವಳಿಗೆ.

ಐವತ್ತೈದರಲ್ಲಿ ಬೇರೆ ಯಾವ ಕೆಲಸ ಕಲಿಯಲಿ? ಊಟ, ಮಾತು ಎಲ್ಲ ಹೊಸ್ತಿಲಿನಿಂದಲೇ. ನನ್ನ ಮನೆಯಲ್ಲಿ ನಾನೇ ನೆಂಟ.

ಫೆಬ್ರವರಿ 18

ರಜ. ಬೆಳಿಗ್ಗೆಯಿಂದ ಸ್ನಾನದ ಮೇಲೆ ಸ್ನಾನ. ಉಸಿರು ಬಿಗಿಹಿಡಿದು ಒಳಗೆ ಹೋದೆ — ಹಸಿರು! ಅವಳ ಪಾದ ಒತ್ತುತ್ತಾ ಕೂತೆ.

"ಅಮ್ಮ ಒಪ್ಕೊಂಡ್ಳು ಕಣ್ರೀ" ಅಂದಳು.

ನಾಳೆ ಮತ್ತೆ ಕೆಂಪು. ಇರಲಿ.

ಮಾರ್ಚ್ 11

ಬರೆಯಲು ಕೈ ಬಂದಿರಲಿಲ್ಲ.

ಫೆಬ್ರವರಿ ಕೊನೆಯ ಆ ಸಂಜೆ ಕೆಲಸದಿಂದ ಬಂದಾಗ ಕೂಗಿದಳು. "ರೀ, ಮಿಷನ್ ಆರಿಸಿ. ಹಾಗೇ ಬನ್ನಿ ಇಲ್ಲಿ. ಕೈ ಕೊಡಿ."

"ಹುಚ್ಚಾ ನಿಂಗೆ? ಸ್ನಾನ ಮಾಡ್ಕೊಂಡು ಬಂದೆ, ಇರು."

"ಒಂದ್ಸಲ... ಹಾಗೇ..."

ಗದರಿದೆ. ಗದರಿಬಿಟ್ಟೆ. ಉಜ್ಜಿ ಉಜ್ಜಿ ಸ್ನಾನ ಮಾಡಿದೆ, ತಲೆಗೂ ಸೋಪು. ಬಂದು ನೋಡಿದರೆ ದೀಪ ಹಸಿರು. ಪಕ್ಕಕ್ಕೆ ಹೋದರೂ ಹಸಿರೇ. ಕೆಮ್ಮಿಲ್ಲ. ಕೈ ಬಾಗಿಲ ಕಡೆಗೆ ಚಾಚಿಕೊಂಡೇ ಇತ್ತು. ಇನ್ನೂ ಬೆಚ್ಚಗಿತ್ತು.

ಮಾರ್ಚ್ 16, ಸಂಜೆ

ಕೆಲಸಕ್ಕೆ ಹೋಗಿದ್ದೆ. ಬಂದು ಸ್ನಾನ ಮಾಡಲಿಲ್ಲ. ಪಾಲಿಶ್ ಅಂಗಿಯಲ್ಲೇ ನೇರ ಒಳಗೆ ಹೋಗಿ ಅವಳ ಮಂಚದ ಮೇಲೆ ಕೂತೆ. ಅತ್ತೆ ಕೆಂಪಾದರು, ಭರ್ರೆಂದು ಶುರು ಹಚ್ಚಿಕೊಂಡರು.

"ಬೈಯಿರಿ ಅತ್ತೆ" ಅಂದೆ. "ನಿಮ್ಮ ಮಗಳು ಕರೆದಾಗ ಬರ್ಲಿಲ್ಲ ನಾನು. ಬೈಯಿರಿ."

ಕೆಂಪು ಆರಲೇ ಇಲ್ಲ. ಅಭ್ಯಾಸ ನೋಡು... ಈಗ ಅವಳಿಗೆ ಕೆಮ್ಮು ಬರುತ್ತದೆ ಅಂತ ಎದ್ದು, ಬಾಗಿಲಿಗೆ ವಾಪಸ್ಸು.