ಹುಣಸೆಹಣ್ಣು ಹಾಕಿ ತಿಕ್ಕಿದ ಗಾಲಿಗಳು

ಚಾಮರಾಜಪೇಟೆ, ಬೆಂಗಳೂರು
೭-೧೦-೨೦೨೫, ಮಂಗಳವಾರ

ಪ್ರೀತಿಯ ಗೌರೀಶ,

ಮೊದಲು ನಿನ್ನ ಅತ್ತೆಯ ಆಶೀರ್ವಾದ ತೆಗೆದುಕೋ, ಆಮೇಲೆ ಮುಂದೆ ಓದು. ಗದಗದ ಗುಡ್ಡದ ಗಾಳಿ ಮೈಗೆ ಒಗ್ಗಿತೇ? ಗಾಳಿಯಂತ್ರದ ಕಂಬ ಹತ್ತಿ ಇಳಿದ ದಿನ ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದೆಯಲ್ಲ, ಬಿಸಿ ಎಳ್ಳೆಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯಾ? ಹಚ್ಚುವವರು ಯಾರಿದ್ದಾರೆ ಎಂದು ಕೇಳಬೇಡ, ಗೋಡೆಗೆ ಒರಗಿ ನೀನೇ ಹಚ್ಚಿಕೋ. ನನ್ನ ಮಂಡಿ ಹಾಗೇ ಇದೆ, ದೊಡ್ಡ ಗಣಪತಿಗೆ ಪ್ರದಕ್ಷಿಣೆ ಹಾಕುವಷ್ಟು ಇದ್ದರೆ ಸಾಕು. ಫೋನಿರುವಾಗ ಕಾಗದವೇಕೆ ಎಂದು ನಗುತ್ತೀಯೇನೋ. ಫೋನಿನಲ್ಲಿ ನೀನು "ಊಟ ಆಯ್ತಾ ಅತ್ತೆ, ಮಾತ್ರೆ ತಗೊಂಡ್ರಾ" ಅಂತೀಯ, ನಾನು "ಹ್ಞೂಂ ಕಣಪ್ಪ" ಅಂತೀನಿ, ಅಷ್ಟಕ್ಕೇ ಇಬ್ಬರೂ ಫೋನ್ ಇಟ್ಟುಬಿಡುತ್ತೇವೆ. ಕಾಗದವನ್ನಾದರೆ ನಡುವೆ ಯಾರೂ ಇಟ್ಟುಬಿಡುವುದಿಲ್ಲ.

ಒಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳಿಬಿಡುತ್ತೇನೆ. ಆಯುಧಪೂಜೆಯ ಹಿಂದಿನ ದಿನ ದೇವರ ದೀಪ, ತಂಬಿಗೆ, ಗಂಟೆ ಎಲ್ಲ ಬೆಳಗುತ್ತಿದ್ದೆ. ಹುಣಸೆಹಣ್ಣು ಒಂದು ಬೋಸಿ ನೆನೆಸಿದ್ದು ಅರ್ಧಕ್ಕರ್ಧ ಮಿಕ್ಕಿತು. ಮನೆ ಮುಂದೆ ನಿಂತ ನಿನ್ನ ಜೀಪು ನೋಡಿದರೆ ಗಾಲಿಗಳು ಧೂಳು ಹಿಡಿದು ಮಂಕಾಗಿವೆ. ವಾಣಿ ಇದ್ದಿದ್ದರೆ ಬಟ್ಟೆ ಹಿಡಿದು ಕೂರುತ್ತಿದ್ದಳು. ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ಅವಳೇ ಆರಿಸಿದ ಅಲಾಯ್ ಗಾಲಿಗಳಲ್ಲವೇ. "ಗಾಡಿಗೂ ಒಂದು ಒಡವೆ ಬೇಡ್ವೇನಮ್ಮಾ" ಅಂದಿದ್ದಳು. ಸರಿ, ಹುಣಸೆಹಣ್ಣಿಗೆ ಹಿಡಿ ಕಲ್ಲುಪ್ಪು, ರಂಗೋಲಿ ಪುಡಿ ಸೇರಿಸಿ, ತೆಂಗಿನ ನಾರಿನಲ್ಲಿ ನಾಲ್ಕೂ ಗಾಲಿ ಗಸಗಸ ತಿಕ್ಕಿ, ನೆನೆಯಲಿ ಎಂದು ಬಿಟ್ಟು ಒಳಗೆ ಹೋಗಿ ಪೂಜೆಗೆ ಹೂ ಕಟ್ಟಿದೆ. ಬಂದು ನೀರು ಹಾಕಿದರೆ ಹೊಳಪೆಲ್ಲ ಹೋಗಿ ಬೂದಿ ಬಳಿದ ಹಾಗೆ ಮಚ್ಚೆ ಮಚ್ಚೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಕಾಯಿಸಬಾರದು ಎಂದು ಲಂಗ ಹಾಕುವ ವಯಸ್ಸಿನಿಂದ ಗೊತ್ತಿರುವವಳು ನಾನು. ಗಾಲಿಯಲ್ಲಿ ಇರುವುದೂ ಅದೇ ಎಂದು ನನಗೆ ಯಾರು ಹೇಳಿದ್ದರು! ಮಗಳು ಆಸೆಪಟ್ಟು ಹಾಕಿಸಿದ್ದನ್ನು ಈ ಕೈಯಲ್ಲೇ ಹಾಳು ಮಾಡಿದೆನಲ್ಲ ಎಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮಾರನೆ ದಿನ ಅದೇ ಗಾಲಿಗಳಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಇಟ್ಟು, ಗಾಡಿಗಳನ್ನು ಕಾಯುವ ಬಂಡಿ ಮಾಕಾಳಮ್ಮನನ್ನು ನೆನೆದು ಕೈ ಮುಗಿದೆ.

ದಸರಾ ಕಳೆದ ಮೇಲೆ ಮಾವಳ್ಳಿಯ ಶೀನಣ್ಣನನ್ನು ಕರೆಸಿದೆ. ಅದೇ, ನಿನ್ನ ಜೀಪನ್ನು ಮೊದಲಿಂದ ರಿಪೇರಿ ಮಾಡುವವನು. ಗಾಲಿ ನೋಡಿ ಅವನು, "ಅಕ್ಕಾ, ಹುಣಸೆಹಣ್ಣು, ಉಪ್ಪು ಎರಡೂ ಹಾಕಿದ್ದೀರ, ಒಂದ್ ಹಿಡಿ ಬೇಳೆ ಹಾಕಿದ್ರೆ ಸಾರೇ ಆಗಿರೋದು" ಅಂದ. ಆ ಸಂಕಟದಲ್ಲೂ ನಗು ಬಂತು. ಪಾಲಿಶ್ ಮಾಡಿಸೋಣ ಎಂದು ಗಾಲಿ ಬಿಚ್ಚಿದವನು ಒಳಗೆ ಬೆರಳಾಡಿಸಿ ನನ್ನನ್ನು ಕರೆದು ತೋರಿಸಿದ. ಮುಂದಿನ ಎಡಗಾಲಿಯ ಒಳಮೈಯಲ್ಲಿ ಕೂದಲೆಳೆಯಷ್ಟು ಬಿರುಕು. ಎಲ್ಲೋ ಬಂಡೆಗೆ ಬಡಿದಿದ್ದು, ನಿಮಗಿಬ್ಬರಿಗೂ ಗೊತ್ತೇ ಆಗಿಲ್ಲ. ಹಿಂದಿನದರಲ್ಲೂ ಒಂದು. "ಇದ್ರಲ್ಲಿ ಗುಡ್ಡ ಹತ್ತಿದ್ರೆ ದೇವ್ರೇ ಗತಿ, ಬೆಸುಗೆ ಹಾಕಿದ್ರೂ ನಂಬೋಕಾಗಲ್ಲ, ಹೊಸ್ದೇ ಹಾಕ್ಬೇಕು" ಅಂದ.

ಈಗ ಪ್ರಶ್ನೆ ಅಲಾಯೋ ಸ್ಟೀಲೋ ಎಂಬುದು. ಶೀನಣ್ಣ ನನಗೆ ಅರ್ಥವಾಗುವಂತೆ ಬಿಡಿಸಿ ಹೇಳಿದ. ಅಲಾಯ್ ಹಗುರ, ನೋಡಲು ಚೆಂದ, ತುಕ್ಕು ಹಿಡಿಯುವುದಿಲ್ಲ. ಆದರೆ ಕಲ್ಲಿನ ಪೆಟ್ಟಿಗೆ ಸೀಳುತ್ತದೆ. ಸ್ಟೀಲು ಭಾರ, ಕರ್ರಗೆ ಇರುತ್ತದೆ, ಬಣ್ಣ ಹೋದಲ್ಲಿ ತುಕ್ಕು ಹಿಡಿಯುತ್ತದೆ, ಪೆಟ್ಟು ಬಿದ್ದರೆ ಸೊಟ್ಟಗಾಗುತ್ತದೆ. ಸೊಟ್ಟಗಾದದ್ದನ್ನು ದಾರಿಯಲ್ಲೇ ಸುತ್ತಿಗೆಯಲ್ಲಿ ಬಡಿದು ಹೇಗೋ ಊರು ಸೇರಬಹುದಂತೆ. "ಗುಡ್ಡಕ್ಕಾದ್ರೆ ಸ್ಟೀಲು, ಹೋಟ್ಲು ಮುಂದೆ ನಿಲ್ಸಿ ಫೋಟೋ ತೆಗ್ಸೋಕಾದ್ರೆ ಅಲಾಯ್. ನಿಮ್ಗೆ ಯಾವುದಕ್ಕಕ್ಕಾ?" ಎಂದು ಕೇಳಿದ. ಮನೆ ಬಿಟ್ಟು ಅಲುಗಾಡದ ಜೀಪಿಗೆ ಗುಡ್ಡವೂ ಇಲ್ಲ, ಹೋಟ್ಲೂ ಇಲ್ಲ.

ಹೇಳದೆ ಮುಚ್ಚಿಟ್ಟದ್ದು ಇನ್ನೊಂದಿದೆ. ಹೋದ ವರ್ಷ ಆ ಡೆಂಗ್ಯೂ ಜ್ವರ ವಾಣಿಯನ್ನು ಆರೇ ದಿನದಲ್ಲಿ ಕರೆದುಕೊಂಡು ಹೋಯಿತು. ಕಾರ್ಯಗಳೆಲ್ಲ ಮುಗಿದು ನೀನು ಗದಗಕ್ಕೆ ಹೊರಟಾಗ "ಮಾರ್ಬಿಡಿ ಅತ್ತೆ, ನನ್ನ ಕೈಲಿ ಅದನ್ನ ಓಡ್ಸೋಕಾಗಲ್ಲ" ಅಂದೆ. ಆಮೇಲೆ ಕೇಳಿದಾಗಲೆಲ್ಲ ಯಾರೂ ಬರಲಿಲ್ಲ ಎಂದೆನಲ್ಲ, ಅದು ಸುಳ್ಳು. ಮೂವರು ಬಂದಿದ್ದರು. ಒಬ್ಬರಿಗೆ ಕಾಗದಪತ್ರ ಸಿಗುತ್ತಿಲ್ಲ ಅಂದೆ, ಒಬ್ಬರಿಗೆ ಆಗಲೇ ಮಾರಾಯಿತು ಅಂದೆ, ಇನ್ನೊಬ್ಬರಿಗೆ ಬಾಗಿಲೇ ತೆಗೆಯಲಿಲ್ಲ. ಯಾಕೆಂದರೆ ಜೀಪಿನ ವಿಮೆಗೆಂದು ಒಂದು ಸಲ, ಶೀನಣ್ಣನ ಕೈಲಿ ಹೊಗೆ ಪರೀಕ್ಷೆ ಮಾಡಿಸಲೆಂದು ಎರಡು ಸಲ ನೀನು ಬಂದೆ, ಬಂದಾಗಲೆಲ್ಲ ಒಂದು ದಿನ ಉಳಿದೆ. ಅದೂ ಹೋದರೆ ಯಾವ ನೆಪಕ್ಕೆ ಬರುತ್ತೀಯ? ಮಗಳಿಲ್ಲದ ಮನೆಗೆ ಅಳಿಯ ಬರಬೇಕೆಂದು ಯಾವ ಶಾಸ್ತ್ರದಲ್ಲಿದೆ? ಒಬ್ಬಳಿಗೆಂದು ಮುದ್ದೆ ಮಾಡಲು ಹೋದರೆ ಕೋಲಿಗೆ ಹಿಟ್ಟೇ ಸಿಗುವುದಿಲ್ಲ, ತಪ್ಪಲೆಯ ತಳ ಕೆರೆದ ಸದ್ದು ಮಾತ್ರ. ಸಂಜೆ ದೀಪ ಹಚ್ಚಿದ ಮೇಲೆ ಮನೆಯೊಳಗೆ ಕೂರಲಾಗದೆ ಜೀಪಿನಲ್ಲಿ ವಾಣಿ ಕೂರುತ್ತಿದ್ದ ಕಡೆ ಕೂತು ಜಪ ಮಾಡುತ್ತೇನೆ. ಎದುರು ಮನೆಯ ಮುನಿಯಕ್ಕ ಬಾಗಿಲಲ್ಲಿ ನಿಂತು "ಏನೇ ಹೊನ್ನಮ್ಮ, ನಿನ್ನ ಡ್ರೈವರ್ರು ಇನ್ನೂ ಬಂದಿಲ್ವೇನೇ" ಎಂದು ಛೇಡಿಸುತ್ತಾಳೆ. ತಮಾಷೆಗೇ ಅನ್ನುತ್ತಾಳೆ, ಪಾಪ.

ಮೊನ್ನೆ ನಾಲ್ಕನೆಯವರು ಬಂದರು, ಕುಮಾರ ಪಾರ್ಕಿನ ಅನಿಲ್ ಕುಮಾರ್ ಎಂದು. ಜೀಪು ತುಂಬ ಹಿಡಿಸಿತು. "ಆಂಟಿ, ಹೊಸ ಅಲಾಯ್ ಹಾಕ್ಸಿ, ಶನಿವಾರ ತಗೊಂಡ್ಹೋಗ್ತೀನಿ. ಸ್ಟೀಲ್ ಹಾಕ್ಸಿದ್ರೆ ಮಾತ್ರ ನಂಗ್ ಬೇಡ" ಅಂದರು. ಅಲಾಯ್ ಹಾಕಿಸಿದರೆ ಜೀಪು ಹೋಯಿತು, ಸ್ಟೀಲ್ ಹಾಕಿಸಿದರೆ ಉಳಿಯಿತು. ಈ ಸಲ ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಮ್ಮ ಅಳಿಯನನ್ನು ಕೇಳಿ ಹೇಳುತ್ತೇನೆ ಅಂದೆ. ಈ ಕಾಗದವನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಶುಕ್ರವಾರದೊಳಗೆ ಫೋನ್ ಮಾಡಿ ಒಂದು ಮಾತು ಹೇಳು. ನನ್ನ ಮನಸ್ಸು ಯಾವ ಕಡೆಗೆಂದು ನಿನಗೆ ಗೊತ್ತೇ ಇದೆ, ಆದರೂ ಗಾಡಿ ನಿನ್ನದು.

ಹೊತ್ತಿಗೆ ಸರಿಯಾಗಿ ಉಣ್ಣು. ಗಾಳಿ ಜೋರಿರುವ ದಿನ ಕಂಬ ಹತ್ತಬೇಡ, ಮೇಲಿನವರು ಬೈದರೆ ಬೈಯಲಿ. ಆ ತಾಯಿ ನಿನ್ನನ್ನು ಎಲ್ಲಿದ್ದರೂ ಕಣ್ಣಿಟ್ಟು ಕಾಯಲಿ.

ನಿನ್ನ ಅತ್ತೆ,
ಹೊನ್ನಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಭಾನುವಾರ ನಿಮ್ಮಮ್ಮ ಫೋನ್ ಮಾಡಿದ್ದರು. ಅರಸೀಕೆರೆಯಲ್ಲಿ ಟೀಚರ್ ಆಗಿರುವ ಲಾಸ್ಯಾ ಎಂಬ ಹುಡುಗಿಯನ್ನು ಮದುವೆಯಾಗಲು ನಿನಗೂ ಒಪ್ಪಿಗೆಯಂತೆ. ಆದರೂ "ಅತ್ತೆ ಒಬ್ರೇ ಇದಾರೆ, ಅವರಿಗೆ ಯಾವ ಮುಖದಲ್ಲಿ ಹೇಳ್ಲಿ" ಎಂದು ಬೇಡ ಎನ್ನುತ್ತಿದ್ದೀಯಂತೆ. ಎಲ್ಲದಕ್ಕೂ ದೇವಿಯ ಬಲಗಡೆಯ ಹೂ ಕೇಳುವವಳು ನಾನು. ಇದಕ್ಕೆ ಕೇಳಲಿಲ್ಲ. ಎಡಗಡೆ ಬಿದ್ದಿದ್ದರೆ ನಿನ್ನನ್ನು ಹಿಡಿದಿಟ್ಟುಕೊಳ್ಳಲು ನನಗೆ ನೆಪವಾಗಿಬಿಡುತ್ತಿತ್ತು. ಮೇಲೆ ಬರೆದದ್ದನ್ನು ಬಿಡು, ಶುಕ್ರವಾರದ ಫೋನೂ ಬೇಡ. ಈಗಷ್ಟೇ ಫೋನ್ ಮಾಡಿ ಅನಿಲ್ ಕುಮಾರ್ ಅವರಿಗೆ ಇಲ್ಲ ಅಂದುಬಿಟ್ಟೆ. ಶೀನಣ್ಣನಿಗೆ ಸ್ಟೀಲೇ ಹಾಕಲು ಹೇಳಿದ್ದೇನೆ. ಶನಿವಾರ ಅವನೇ ಜೀಪನ್ನು ಗದಗಕ್ಕೆ ತಂದು ನಿನ್ನ ಬಾಗಿಲಲ್ಲಿ ಬಿಡುತ್ತಾನೆ, ನಿಮ್ಮ ಗುಡ್ಡಕ್ಕೆ ಅದೇ ಸರಿ. ಆ ಹುಡುಗಿಗೆ ಗಾಡಿ ಓಡಿಸಲು ಬರುತ್ತದಂತೆ, ನಿನಗಾಗದಿದ್ದರೆ ಮೊದಲು ಅವಳೇ ಓಡಿಸಲಿ. ಕಾಗದ ಕೈಗೆ ಬಂದ ದಿನವೇ ನಿಮ್ಮಮ್ಮನಿಗೆ ಫೋನ್ ಮಾಡಿ ಹ್ಞೂಂ ಅನ್ನು. ನನಗೆ ಆಮೇಲೆ ಮಾಡಿದರೆ ಸಾಕು.