ಮೆಮೊರಿ ಕಾರ್ಡಿನಲ್ಲಿ ಒಂದು ಸವಾಲು

ಗಲಗಲಿ, ಶುಕ್ರವಾರ

ಮಾಳಿಂಗರಾಯಣ್ಣನವರಿಗೆ ಸೋಮವ್ವನ ಶರಣು.

ಕಾಗದ ಹರಿಯಬೇಡಿರಿ, ಒಳಗೆ ಮೊಬೈಲಿನ ಮೆಮೊರಿ ಕಾರ್ಡಿದೆ. ನಮ್ಮ ಫೋನು ನೀವು ಎತ್ತುವುದಿಲ್ಲ, ಓಣಿಯಲ್ಲಿ ಕಂಡರೆ ಮುಖ ತಿರುಗಿಸುತ್ತೀರಿ. ಇಲೆಕ್ಷನ್ನಿನಲ್ಲಿ ನೀವೊಂದು ಪಾರ್ಟಿ, ನನ್ನ ಗಂಡ ಒಂದು ಪಾರ್ಟಿ ಆದಿರಿ. ಬೀರಪ್ಪನ ಗುಡಿಯಲ್ಲಿ ಒಬ್ಬರು ಸವಾಲು ಹಾಕಿ ಇನ್ನೊಬ್ಬರು ಉತ್ತರ ಕೊಡುತ್ತಿದ್ದ ನಿಮ್ಮ ಡೊಳ್ಳಿನ ಪದ ಅಂದಿಗೇ ನಿಂತಿತು.

ಈಗ ನನ್ನ ಗಂಡನ ಗಂಟಲಲ್ಲಿ ಗಡ್ಡೆಯಾಗಿದೆ. ಸೋಮವಾರ ಮಿರಜಿನಲ್ಲಿ ಆಪರೇಶನ್. ಮಾಡಿಸಿದರೆ ದನಿ ಹೋಗುತ್ತದಂತೆ, ಮಾಡಿಸದಿದ್ದರೆ ಜೀವ. ಅವರು ಮಾತ್ರ ಕದಲುತ್ತಿಲ್ಲ. "ಸವಾಲು ಹಾಕಿದಾಂವ ಉತ್ತರ ಕೇಳದ ಎದ್ದು ಹೋಗಬಾರ್ದು. ಮಾಳಿಂಗ್ಯಾ ಇನ್ನೂ ಹಾಡಿಲ್ಲ," ಎನ್ನುತ್ತಾರೆ.

ಆ ಸವಾಲಿನ ಪದವನ್ನು ಮೊನ್ನೆ ಅವರೇ ಹಾಡಿ ಈ ಕಾರ್ಡಿನಲ್ಲಿ ತುಂಬಿಸಿದ್ದಾರೆ. ಕೆಮ್ಮು ನಿಮಗೆ ಕೇಳಿಸಬಾರದೆಂದು ನಡುನಡುವೆ ಡೊಳ್ಳು ಜೋರಾಗಿ ಬಾರಿಸಿದ್ದಾರೆ.

ನೀವು ನಮ್ಮ ಹೊಸ್ತಿಲು ತುಳಿಯಬೇಕಾಗಿಲ್ಲ. ಅದೇ ಕಾರ್ಡಿನಲ್ಲಿ ಉತ್ತರ ಹಾಡಿ, ರವಿವಾರದೊಳಗೆ ಯಾರ ಕೈಯಲ್ಲಾದರೂ ಕಳಿಸಿರಿ. ಉತ್ತರ ಹೊಳೆಯದಿದ್ದರೆ ಅವರ ಪಾರ್ಟಿಯನ್ನೇ ಹಿಡಿದು ಬೈದು ಹಾಡಿರಿ. ಅದೂ ನಡೆಯುತ್ತದೆ.

ಸೋಲುತ್ತೀರೆಂಬ ಭಯ ಬೇಡ, ಅಣ್ಣಾ. ತಿರುಗಿ ಹಾಡಲು ಅವರಿಗೆ ದನಿ ಇರುವುದಿಲ್ಲ.

ಬಾಗಿಲಲ್ಲೇ ಕೂತಿರುವ ನಿಮ್ಮ ತಂಗಿ,
ಸೋಮವ್ವ