ಬೆನ್ನ ಕಡೆ ಜೇಬಿನ ಫ್ರಾಕು

ಎರಡನೆಯ ಮಹಡಿ, ಅಡುಗೆಮನೆಯ ಮೇಜು
ಹನ್ನೊಂದನೇ ತಾರೀಕು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಬರುತ್ತಾಳಂತೆ ಅಮ್ಮಾ, ಬರುತ್ತಾಳಂತೆ, ನನ್ನ ನಾದಿನಿ ನಮ್ಮ ಜೊತೆ ನಿನ್ನ ಮನೆಗೆ ಬರುತ್ತಾಳಂತೆ! ಮೊದಲು ನಿನ್ನ ಆರೋಗ್ಯ ವಿಚಾರಿಸಿ, ಅಪ್ಪನ ಕೆಮ್ಮು ವಿಚಾರಿಸಿ, ಆಮೇಲೆ ಸಾವಕಾಶವಾಗಿ ಸುದ್ದಿಗೆ ಬರಬೇಕು ಎಂದು ನನಗೂ ಗೊತ್ತು. ಆದರೆ ಇದು ಹೊಟ್ಟೆಯಲ್ಲಿ ನಿಲ್ಲುವ ಸುದ್ದಿಯಲ್ಲ. ಈಗ ಕೇಳುತ್ತೇನೆ: ನಿನ್ನ ಮಂಡಿನೋವು ಹೇಗಿದೆ? ಮೆಷಿನ್ ತುಳಿಯುವುದು ಕಡಿಮೆ ಮಾಡಿ ಎಂದ ಡಾಕ್ಟರ ಮಾತು ಕೇಳುತ್ತಿದ್ದೀಯೋ, ಇಲ್ಲ ಅವರಿಗೂ ಒಂದು ಅಂಗಿ ಹೊಲಿದುಕೊಟ್ಟು ಬಾಯಿ ಮುಚ್ಚಿಸಿದೆಯೋ? ಅಪ್ಪ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಕಾರ್ಯಕ್ರಮ ಇನ್ನೂ ನಡೆದಿದೆಯೇ? ನಾವು ಮೂವರೂ ಗುಂಡುಕಲ್ಲಿನ ಹಾಗಿದ್ದೇವೆ. ನಿನ್ನ ಅಳಿಯ ಮಾತ್ರ ಸ್ವಲ್ಪ ಗುಂಡಗೆ ಜಾಸ್ತಿ. ಅದು ನನ್ನ ಅಡುಗೆ ತಿಂದು ಅಲ್ಲವಂತೆ, ನನ್ನ ಅಡುಗೆಗೆ ಹೆದರಿ ಹೊರಗೆ ತಿಂದು ಬರುವುದರಿಂದಂತೆ! ನನ್ನ ಅಕ್ಷರ ನೋಡಿ ನಗಬೇಡ. ಇಂಗ್ಲಿಷ್ ಶಾಲೆಗೆ ಸೇರಿಸಿದವಳು ನೀನೇ, ಅನುಭವಿಸು.

ಮದುವೆಯಾಗಿ ನಾಲ್ಕು ತಿಂಗಳಾಯಿತು, ಮಗಳು ಒಮ್ಮೆಯೂ ಮನೆ ಕಡೆ ತಲೆ ಹಾಕಲಿಲ್ಲ ಎಂದು ಊರವರು ಆಡಿಕೊಂಡರೂ ನೀನು ಮುನಿಸಿಕೊಳ್ಳಲಿಲ್ಲ. ‘ಆ ಹುಡುಗೀನ ಒಬ್ಬಳನ್ನೇ ಬಿಟ್ಟು ಗಂಡ ಹೆಂಡತಿ ಜೋಡಿಯಾಗಿ ಬಂದ್ರೆ ನಾನು ಬಾಗಿಲೇ ತೆಗೆಯಲ್ಲ’ ಎಂದು ಬರೆದವಳಲ್ಲವೇ ನೀನು! ಎರಡು ಸಲ ಇವರು ರಜೆ ಹಾಕಿದರು, ನಾನು ಚೀಲ ತುಂಬಿದೆ. ಎರಡು ಸಲವೂ ಅವಳು ಪುಸ್ತಕದಿಂದ ತಲೆ ಎತ್ತದೆ ‘ನೀವಿಬ್ರೂ ಹೋಗ್ಬನ್ನಿ, ನಂಗೆ ಓದೋದಿದೆ’ ಎಂದಳು. ಹನ್ನೆರಡು ವರ್ಷದ ಹುಡುಗಿ. ತಾಯಿ ತೀರಿಹೋಗಿ ಮೂರು ವರ್ಷ, ಅಂದಿನಿಂದ ಅಣ್ಣನೇ ಅಪ್ಪ, ಅಣ್ಣನೇ ಅಮ್ಮ. ಅವರ ನಡುವೆ ಜರಿ ಸೀರೆ ಉಟ್ಟು, ಕಿವಿಯಿಂದ ಕಿವಿಗೆ ನಗುತ್ತಾ ಬಂದಿಳಿದವಳು ನಾನು. ಈ ನಾಲ್ಕು ತಿಂಗಳಲ್ಲಿ ಅವಳು ನನ್ನನ್ನು ಏನೆಂದೂ ಕರೆದಿರಲಿಲ್ಲ ಅಮ್ಮಾ. ಅತ್ತಿಗೆಯೂ ಇಲ್ಲ, ಅಕ್ಕನೂ ಇಲ್ಲ. ನನ್ನಿಂದ ಏನಾದರೂ ಬೇಕಿದ್ದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತಿದ್ದಳು, ಅಷ್ಟೇ.

ಅವಳು ಯಾಕೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತಾಗಿದ್ದು ಮದುವೆಯ ಆಲ್ಬಮ್ಮಿನಿಂದ. ನಮ್ಮ ಕಡೆಯವರೆಲ್ಲ ಸೇರಿ ತೆಗೆಸಿಕೊಂಡ ದೊಡ್ಡ ಫೋಟೋ ಇದೆಯಲ್ಲ, ಅದರಲ್ಲಿ ಅವಳು ನನ್ನ ಹಿಂದೆ ಮಂಡಿ ಮಡಚಿಕೊಂಡು, ಭುಜ ಕುಗ್ಗಿಸಿಕೊಂಡು ನಿಂತಿದ್ದಾಳೆ. ಆಗ ನೆನಪಾಯಿತು. ಫೋಟೋದವನು ‘ಹಿಂದಿರೋ ಲೈಟ್ ಕಂಬ ಸ್ವಲ್ಪ ಬಗ್ಗಮ್ಮ, ಮದುಮಗಳಿಗಿಂತ ನೀನೇ ಎದ್ದು ಕಾಣ್ತೀಯ’ ಎಂದಿದ್ದ. ನಮ್ಮವರೆಲ್ಲ ಹೋ ಎಂದು ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಯಾರು ಗೊತ್ತೇ? ನಿನ್ನ ಮಗಳು. ಆ ದಿನ ನನಗೆ ಗೋಡೆ ನೋಡಿದರೂ ನಗು ಬರುತ್ತಿತ್ತು, ಅದು ಬೇರೆ ಮಾತು. ಅವಳು ಮಾತ್ರ ಆವತ್ತು ಬಗ್ಗಿದವಳು ಮತ್ತೆ ನೆಟ್ಟಗಾಗಿಲ್ಲ. ಶಾಲೆಗೆ ಹೋಗುವಾಗಲೂ ಹಾಗೇ, ಕನ್ನಡಿಯ ಮುಂದೆಯೂ ಹಾಗೇ. ಆ ನಗು ನಕ್ಕವರ ಊರಿಗೆ ಮತ್ತೆ ಯಾವ ಮುಖ ಇಟ್ಟುಕೊಂಡು ಬರುತ್ತಾಳೆ ಹೇಳು.

ಇದರ ಮೇಲೆ ಅವಳ ಬಟ್ಟೆಯೆಲ್ಲ ಗಿಡ್ಡವಾಗಿಬಿಟ್ಟಿತ್ತು. ಅಂಗಡಿಗೆ ಕರೆದುಕೊಂಡು ಹೋದರೆ ಮಕ್ಕಳ ಬಟ್ಟೆ ಮಂಡಿ ಮುಟ್ಟದು, ಹೆಂಗಸರ ಬಟ್ಟೆ ಹೆಗಲ ಮೇಲೆ ನಿಲ್ಲದು. ಅಂಗಡಿಯವನು ‘ಇದರ ಮಧ್ಯದ ಸೈಜು ಬರೋದೇ ಇಲ್ಲಮ್ಮ’ ಎಂದು ಕೈಚೆಲ್ಲಿದ. ಇವಳು ಇನ್ನೂ ಎರಡಿಂಚು ಕುಗ್ಗಿದಳು. ನನಗೆ ಏನಾಯಿತೋ, ‘ನಾನೇ ಹೊಲೀತೀನಿ!’ ಎಂದು ಅಂಗಡಿಯೆಲ್ಲ ಕೇಳುವ ಹಾಗೆ ಸಾರಿಬಿಟ್ಟೆ. ಇವರು ಅಲ್ಲೇ ನಕ್ಕರು: ‘ನೀನಾ? ಗುಂಡಿ ಕಿತ್ತುಹೋದ್ರೆ ಪಿನ್ನು ಚುಚ್ಕೊಂಡು ಓಡಾಡೋಳು!’ ನೀನು ಉಡುಗೊರೆ ಕೊಟ್ಟ ಕೈ ಮೆಷಿನ್ನಿನ ಮೇಲೆ ಅಂದಿನವರೆಗೂ ಇಸ್ತ್ರಿ ಬಟ್ಟೆ ಒಟ್ಟುತ್ತಿದ್ದೆ. ಬೈಯಬೇಡ, ಈಗ ಅದಕ್ಕೆ ಎಣ್ಣೆ ಹಾಕಿದ್ದೇನೆ.

ಬಟ್ಟೆ ಅವಳೇ ಆರಿಸಿದಳು. ನಾನು ಗಿಣಿ ಹಸಿರು ತೋರಿಸಿದೆ, ಮಾವಿನ ಹಣ್ಣಿನ ಹಳದಿ ತೋರಿಸಿದೆ. ಅವಳು ಬೆರಳಿಟ್ಟಿದ್ದು ಸಿಮೆಂಟು ಗೋಡೆಯಂಥ ಬೂದು ಬಣ್ಣದ ಹತ್ತಿಬಟ್ಟೆಯ ಮೇಲೆ. ಅದನ್ನು ಹಾಕಿಕೊಂಡು ಗೋಡೆಗೆ ಒರಗಿದರೆ ಗೋಡೆ ಯಾವುದು ಹುಡುಗಿ ಯಾವುದು ತಿಳಿಯಬಾರದು ಎನ್ನುವ ಲೆಕ್ಕಾಚಾರ. ಇನ್ನೊಂದೇ ಒಂದು ಬೇಡಿಕೆ: ‘ಜೇಬು ಇರಲಿ. ಎರಡು.’ ತುಂಬ ಸುಲಭದ ಫ್ರಾಕು ಅಮ್ಮಾ, ನೀನು ಪಕ್ಕದ ಮನೆಯ ಹುಡುಗಿಯರಿಗೆ ಅರ್ಧ ದಿನದಲ್ಲಿ ಮುಗಿಸುತ್ತಿದ್ದೆಯಲ್ಲ, ಅದೇ. ಎರಡೇ ತುಂಡು, ತೋಳು ಬೇರೆ ಇಲ್ಲ, ಜಿಪ್ಪಿಲ್ಲ, ತಲೆಯಿಂದ ಇಳಿಸಿಕೊಂಡರೆ ಮುಗಿಯಿತು. ಭುಜದಿಂದ ಮಂಡಿಯ ಕೆಳಗೆ ನಾಲ್ಕು ಬೆರಳಿನವರೆಗೆ ಟೇಪು ಹಿಡಿದು ಅಳೆದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಉಸಿರು ಬಿಗಿಹಿಡಿದು ಕತ್ತರಿಸಿದೆ. ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆ ಬಿಡಬೇಕು, ಮಕ್ಕಳ ಬಟ್ಟೆ ಮುಂದಿನ ವರ್ಷಕ್ಕೂ ಹೊಲಿಯಬೇಕು ಎಂದು ನೀನು ಸಾವಿರ ಸಲ ಹೇಳಿದ್ದೀಯ. ನಾನು ಆ ದಪ್ಪ ಮಡಿಕೆ ಚೆನ್ನಾಗಿ ಕಾಣುವುದಿಲ್ಲ ಎಂದು ಬೆರಳಿನಷ್ಟೂ ಬಿಡದೆ ಕತ್ತರಿಸಿ ಎಸೆದೆ. ನಾಲ್ಕು ದಿನ ಹೊಲಿದು ಮೂರು ದಿನ ಬಿಚ್ಚಿದೆ. ಎರಡು ಸೂಜಿ ಸತ್ತವು.

ಭಾನುವಾರ ಮಧ್ಯಾಹ್ನ ಹಾಕಿಕೊಳ್ಳಲು ಕೊಟ್ಟೆ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಕೆಮ್ಮಲ್ಲ, ನಗು ಕೇಳಿಸಿತು! ಹೊರಗೆ ಬಂದವಳೇ ‘ಜೇಬು ಬೆನ್ನ ಕಡೆ ಇದೆ!’ ಎಂದಳು. ಹೌದಮ್ಮಾ, ಕೊರಳಿನ ಇಳಿತ ಒಂದು ಬಿಟ್ಟರೆ ಮುಂದಿನ ತುಂಡು ಹಿಂದಿನ ತುಂಡು ಎರಡೂ ಅವಳಿಜವಳಿ ಹಾಗಿದ್ದವು, ನಿನ್ನ ಮಗಳು ಜೇಬುಗಳನ್ನು ಹಿಂದಿನದಕ್ಕೆ ಹೊಲಿದಿದ್ದಳು. ನಾನು ಹಣೆ ಚಚ್ಚಿಕೊಂಡು ಕತ್ತರಿ ಹುಡುಕುವಷ್ಟರಲ್ಲಿ ಅವಳು ಎರಡೂ ಕೈ ಹಿಂದಕ್ಕೆ ಒಯ್ದು ಜೇಬಿಗಿಳಿಸಿದಳು. ನೀನೇ ಮಾಡಿ ನೋಡು. ಆ ಜೇಬಿಗೆ ಕೈ ಹೋಗಬೇಕಾದರೆ ಎದೆ ಮುಂದೆ ಬರಲೇಬೇಕು, ಭುಜ ಹಿಂದೆ ಹೋಗಲೇಬೇಕು. ಇಷ್ಟು ದಿನ ಪ್ರಶ್ನಾರ್ಥಕ ಚಿಹ್ನೆಯಂತಿದ್ದ ಹುಡುಗಿ ಉದ್ದಕ್ಕೆ ನೆಟ್ಟಗೆ ನಿಂತುಬಿಟ್ಟಳು! ಪೇಪರಿನ ಹಿಂದಿನಿಂದ ಇವರು ‘ಓಹೋ, ಇನ್‌ಸ್ಪೆಕ್ಟರ್ ಸಾಹೇಬ್ರು! ತಪಾಸಣೆಗೆ ಬಂದ್ರಾ?’ ಎಂದರು.

ಅವಳು ಹಾಗೇ ಕನ್ನಡಿಯ ಹತ್ತಿರ ನಡೆದಳು. ಅಲ್ಲಿ ನಗು ನಿಂತಿತು. ಫ್ರಾಕು ಮಂಡಿಯ ಮೇಲಿತ್ತು. ಅವಳು ಬಗ್ಗಿ ನಿಂತಾಗ ತೆಗೆದ ಅಳತೆ ಅಮ್ಮಾ! ನಾನು ಅಳೆದದ್ದು ಆ ಫೋಟೋದ ಹುಡುಗಿಯನ್ನು. ಇಳಿಸೋಣವೆಂದರೆ ಮಡಿಕೆಯೂ ಇಲ್ಲ. ಇವರು ಲಿಫ್ಟ್ ರಿಪೇರಿಯವರಲ್ಲವೇ, ‘ಹನ್ನೆರಡನೇ ಮಹಡೀಲಿ ಲಿಫ್ಟು ನಿಂತ್ರೆ ಇಳಿಸ್ತೀನಿ, ಇದನ್ನ ಇಳಿಸೋಕೆ ನನ್ನಿಂದಾಗಲ್ಲಪ್ಪ’ ಎಂದು ಪೇಪರಿನೊಳಗೆ ಅಡಗಿದರು. ಅವಳ ಭುಜ ಮೆಲ್ಲಗೆ ಮತ್ತೆ ಕುಗ್ಗತೊಡಗಿತ್ತು. ಬಗ್ಗಿದರೆ ಫ್ರಾಕು ಸರಿಹೋಗುತ್ತದಲ್ಲ!

ನಾನು ನೆಲದ ಮೇಲೆ ಕೂತು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಅಂಚು ಹಿಡಿದುಕೊಂಡೇ ಹೇಳಿದೆ: ‘ಬಗ್ಗಬೇಡ. ಬಟ್ಟೆ ಗಿಡ್ಡ ಆಗಿದೆ, ನೀನು ಉದ್ದ ಆಗಿಲ್ಲ. ಆ ದಿನ ಫೋಟೋದವನು ಅಂದಾಗ ನಾನೂ ನಗಬಾರದಿತ್ತು.’ ಮೇಲಿನಿಂದ ಉತ್ತರ ಬಂತು, ‘ಗೊತ್ತು. ನಿಮ್ಮ ನಗುನೇ ಎಲ್ಲರಿಗಿಂತ ಜೋರಾಗಿತ್ತು.’ ನನಗೆ ನೆಲ ಬಾಯ್ತೆರೆದು ನುಂಗಬಾರದೇ ಅನ್ನಿಸಿತು. ಆಮೇಲೆ ಅವಳೇ, ‘ಪಿನ್ನು ಬಾಯಿಂದ ತೆಗೀರಿ ಅತ್ತಿಗೆ, ನುಂಗಿಬಿಡ್ತೀರ’ ಎಂದಳು. ಅತ್ತಿಗೆ ಅಂದಳಮ್ಮಾ! ನಾನು ಅತ್ತೆ, ಪಿನ್ನು ಉದುರಿದವು, ಇವರು ಬರಿಗಾಲಲ್ಲಿ ಬಂದು ಒಂದರ ಮೇಲೆ ಕಾಲಿಟ್ಟರು.

ಅಂಚಿಗೆ ಬೇರೆ ಬಟ್ಟೆಯ ಪಟ್ಟಿ ಕೊಡುವುದೇ ದಾರಿ ಎಂದು ತೀರ್ಮಾನವಾಯಿತು. ಉಳಿದ ಬೂದು ತುಂಡು ಸಾಲಲಿಲ್ಲ. ನನ್ನ ಪೆಟ್ಟಿಗೆ ತೆರೆದು ಆರಿಸಿಕೋ ಎಂದೆ. ಅವಳು ತಳದವರೆಗೆ ಕೈ ಹಾಕಿ ಎಳೆದದ್ದು ಯಾವುದು ಊಹಿಸು! ನಾನು ಕಾಲೇಜಿಗೆ ಹೊರಟಾಗ ನೀನು ಹೊಲಿದುಕೊಟ್ಟ ಕಿತ್ತಳೆ ಬಣ್ಣದ ಲಂಗ, ಬೀದಿಯ ಆ ತುದಿಯಿಂದಲೂ ಕಣ್ಣಿಗೆ ಹೊಡೆಯುವುದು. ‘ಇದು ಎಲ್ಲರಿಗೂ ಕಾಣ್ಸುತ್ತಲ್ವಾ?’ ಎಂದು ಕೇಳಿದಳು. ಕಾಣಿಸುತ್ತದೆ ಎಂದೆ. ‘ಇರ್ಲಿ’ ಎಂದಳು. ಲಂಗದ ಅಂಚು ಬಿಚ್ಚಿದರೆ ಒಳಗೆ ನಿನ್ನ ನಾಲ್ಕು ಬೆರಳ ಮಡಿಕೆ, ಮಡಚಿದ ಕಡೆ ಬಣ್ಣ ಒಂದಿಷ್ಟೂ ಮಾಸಿಲ್ಲ. ಆ ಮಡಿಕೆಯೇ ಪಟ್ಟಿಗೆ ಸರಿಯಾಗಿ ಸಾಕಾಯಿತು. ಈ ಸಲ ಅವಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಅಳೆದೆ. ಜೇಬು ಮುಂದಕ್ಕೆ ತರಲು ಮಾತ್ರ ಬಿಡಲಿಲ್ಲ. ಮುಟ್ಟಿದರೆ ಜಗಳ. ಇವತ್ತು ಬೆಳಿಗ್ಗೆ ಕೂದಲು ಬಾಚಿಕೊಳ್ಳುತ್ತಾ, ಯಾರಿಗೋ ಎಂಬಂತೆ ಕೇಳಿದಳು: ‘ಅತ್ತಿಗೆ, ಟ್ರೇನಲ್ಲಿ ಅಷ್ಟು ಹೊತ್ತು ಕೂತ್ರೆ ಈ ಫ್ರಾಕು ಸುಕ್ಕಾಗುತ್ತಾ?’ ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಅದಕ್ಕೇ ಈ ಕಾಗದ.

ಅಪ್ಪನಿಗೆ ನನ್ನ ಪ್ರೀತಿ, ಕನ್ನಡಕಕ್ಕೂ. ನಿಮ್ಮಿಬ್ಬರಿಗೂ ಇವರ ನಮಸ್ಕಾರ. ಅವಳದೂ ಬರೆಯಲಾ ಎಂದು ಕೇಳಿದರೆ ‘ಬೇಡ, ನಾನೇ ಬಂದು ಹೇಳ್ತೀನಿ’ ಎಂದಳು.

ನಾಲ್ಕು ಬೆರಳ ಮಡಿಕೆಗೆ ತಪ್ಪೊಪ್ಪಿಗೆ ಸಲ್ಲಿಸುತ್ತಾ,
ನಿನ್ನ ತಲೆಹರಟೆ ಮಗಳು

ತಾಜಾ ಕಲಂ: ಮುಖ್ಯವಾದದ್ದೇ ಮರೆತಿದ್ದೆ! ನಿನ್ನ ಹೊಲಿಗೆ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ವರ್ಷವರ್ಷವೂ ನನ್ನ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ ಎಂದು ಅವಳಿಗೆ ಹೇಳಿದೆ. ನನ್ನ ಕೊನೆಯ ಗೆರೆಯ ಮೇಲೆ ಇನ್ನೊಂದಕ್ಕೆ ಜಾಗ ಇದೆಯೇ ಎಂದು ಕೇಳುತ್ತಿದ್ದಾಳೆ. ಬೇಕಾದಷ್ಟಿದೆ ಎಂದಿದ್ದೇನೆ. ಪೆನ್ಸಿಲ್ ಚೂಪು ಮಾಡಿಟ್ಟಿರು. ಶನಿವಾರ, ಮಧ್ಯಾಹ್ನ ಎರಡು ಹತ್ತರ ಪ್ಯಾಸೆಂಜರ್, ಎಂಜಿನ್ನಿನಿಂದ ಮೂರನೇ ಬೋಗಿ. ಗುರುತು ಹಿಡಿಯುವುದು ಕಷ್ಟವಿಲ್ಲ: ಎಲ್ಲರಿಗಿಂತ ಎತ್ತರಕ್ಕೆ ನಿಂತಿರುವವಳು ನಮ್ಮವಳು.